ಬಿಸಿ ಇದ್ದಾಗ ಸ್ಟಾರ್ಟ್ ಆಗದ ಹಳೇ ಪದ್ಮಿನಿ: ಪೆಟ್ರೋಲ್ ತೊಂದರೆಯೋ, ಕರೆಂಟ್ ತೊಂದರೆಯೋ?

ಬೇಲೂರು ಪದ್ಮಿನಿ

ಎಲ್ಲರಿಗೂ ನಮಸ್ಕಾರ. ನಮ್ಮದು 1988ರ ಪ್ರೀಮಿಯರ್ ಪದ್ಮಿನಿ. ಅಪ್ಪ ತಗೊಂಡಿದ್ದ ಗಾಡಿ, ಈಗ ನಾನು ಓಡಿಸುತ್ತಿದ್ದೇನೆ. ಬೆಳಿಗ್ಗೆ ಚಳಿಯಲ್ಲಿ ಚೋಕ್ ಎಳೆದು ಸೆಲ್ಫ್ ಹೊಡೆದರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಬೇಲೂರಿನಿಂದ ಹಾಸನದವರೆಗೂ ಆರಾಮಾಗಿ ಬರುತ್ತದೆ. ಆದರೆ ಹಾಸನದಲ್ಲಿ ನಿಲ್ಲಿಸಿ, ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ತರಕಾರಿ ತಗೊಂಡು ವಾಪಸ್ ಬಂದರೆ ಹಿಡಿಯುವುದೇ ಇಲ್ಲ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಒಂದು ಸಲವೂ ಕೆಮ್ಮುವುದಿಲ್ಲ. ಮುಕ್ಕಾಲು ಗಂಟೆ ಬಾನೆಟ್ ತೆಗೆದು ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ.

ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡಿಸಿದ್ದಾಗಿದೆ. ಪ್ಲಗ್ ಹೊಸದು, ಪೆಟ್ರೋಲ್ ಫಿಲ್ಟರ್ ಹೊಸದು. ಬ್ಯಾಟರಿ ಚೆನ್ನಾಗಿದೆ. ಈಗ ಗ್ಯಾರೇಜ್‌ನಲ್ಲಿ ಪೆಟ್ರೋಲ್ ಪಂಪ್ ಬದಲಾಯಿಸಿ ಅಂತಿದ್ದಾರೆ. ಇನ್ನೊಬ್ಬರು ಇಂಜಿನ್ನೇ ಬಿಚ್ಚಬೇಕು ಅಂದರು. ಈ ಗಾಡಿಗೆ ಒಳ್ಳೆ ಪಂಪ್ ಸಿಗುವುದೇ ಕಷ್ಟ. ಸುಮ್ನೆ ದುಡ್ಡು ಹಾಕುವ ಮೊದಲು ನಿಮ್ಮನ್ನೆಲ್ಲ ಕೇಳೋಣ ಅನ್ನಿಸಿತು.

ಮಲ್ನಾಡ್ 800

ಏರ್ ಲಾಕ್ ಸರ್, ಅಂದರೆ ಪೆಟ್ರೋಲ್ ಆವಿ ಕಟ್ಟಿಕೊಂಡು ಕಾರ್ಬೊರೇಟರ್‌ಗೆ ಪೆಟ್ರೋಲ್ ಬರದೆ ಇರುವುದು, ಅನುಮಾನವೇ ಬೇಡ. ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಬಿಡಿ. ನನ್ನ ಕಾರ್ಬೊರೇಟರ್ ಇರುವ ಮಾರುತಿ 800ಗೂ ಇದೇ ಕಾಟ. ಮೂಡಿಗೆರೆ ಸಂತೆಗೆ ಹೋದರೆ ವಾಪಸ್ ಬರುವಾಗ ಗ್ಯಾರಂಟಿ ತೊಂದರೆ.

ಕೊಟ್ಟಿಗೆಹಾರ ಡ್ರೈವರ್

ಪದ್ಮಿನಿ ಟ್ಯಾಕ್ಸಿ ಓಡಿಸಿದವನು ನಾನು. ಚಾರ್ಮಾಡಿ ಘಾಟಿಯನ್ನು ಸೆಕೆಂಡ್ ಗೇರ್‌ನಲ್ಲಿ ಹತ್ತಿಸಿ, ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಅಂತ ನಿಲ್ಲಿಸಿದರೆ ಪಂಪ್ ಒಳಗೆ ಪೆಟ್ರೋಲ್ ಆವಿಯಾಗಿ ಕೂತುಬಿಡುತ್ತಿತ್ತು. ಸೀಟ್ ಕೆಳಗೆ ಯಾವಾಗಲೂ ಒಂದು ಹಳೇ ಪಂಚೆ ತುಂಡು, ಒಂದು ಬಾಟಲಿ ನೀರು ಇಟ್ಟಿರುತ್ತಿದ್ದೆವು. ಬಟ್ಟೆ ಒದ್ದೆ ಮಾಡಿ ಪಂಪ್ ಮೇಲೆ ಹಾಕಿದರೆ ಪ್ರಯಾಣಿಕರು ದೋಸೆ ತಿಂದು ಮುಗಿಸುವಷ್ಟರಲ್ಲಿ ಗಾಡಿ ರೆಡಿ. ಘಾಟಿ ಗಾಡಿಗಳಿಗೆಲ್ಲ ಇದ್ದ ಕಾಯಿಲೆ ಇದು.

ಆದರೆ ಒಂದು ಮಾತು. ನಿಮ್ಮದು ಘಾಟಿ ಅಲ್ಲ. ಬೇಲೂರು–ಹಾಸನ ರಸ್ತೆಯಲ್ಲಿ ಅಂಥಾ ಏರು ಎಲ್ಲಿದೆ? ಅದೊಂದು ನನಗೆ ಸರಿ ಹೋಗುತ್ತಿಲ್ಲ.

ಹಳೇ ಗಾಡಿ ಹಾಸನ

ಬೇಲೂರಿನವರೇ, ದಯವಿಟ್ಟು ಯಾವ ಭಾಗವನ್ನೂ ಈಗಲೇ ಬದಲಾಯಿಸಬೇಡಿ. ಇಂಥ ಗಾಡಿ ಗ್ಯಾರೇಜ್ ತಲುಪುವ ಹೊತ್ತಿಗೆ ತಣ್ಣಗಾಗಿ ಸರಿಯಾಗಿಬಿಟ್ಟಿರುತ್ತದೆ. ಅದಕ್ಕೇ ಎಲ್ಲರೂ ಊಹೆಯ ಮೇಲೆ ಭಾಗ ಬದಲಿಸುತ್ತಾರೆ. ಗಾಡಿ ಹಠ ಹಿಡಿದು ನಿಂತಿರುವ ಆ ಮುಕ್ಕಾಲು ಗಂಟೆಯೇ ನಿಮಗೆ ಸಿಗುವ ಒಂದೇ ಸಾಕ್ಷಿ. ಆಗಲೇ ಪರೀಕ್ಷೆ ಮಾಡಬೇಕು, ಅದೂ ನಿಂತ ಜಾಗದಲ್ಲೇ.

ಮೊದಲು ಬಿಸಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಗಾಡಿ ಓಡುವಾಗ ಮುಂದಿನಿಂದ ಗಾಳಿ ಬರುತ್ತಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ, ನೀರು ರೇಡಿಯೇಟರ್‌ಗೆ ಹೋಗಿ ಬರುತ್ತಿರುತ್ತದೆ. ಕೀ ತೆಗೆದ ತಕ್ಷಣ ಇವೆಲ್ಲ ನಿಂತವು. ಇಂಜಿನ್ ಕಬ್ಬಿಣದಲ್ಲಿರುವ ಬಿಸಿ ಮಾತ್ರ ಎಲ್ಲಿಗೂ ಹೋಗಿಲ್ಲ. ಅದು ನಿಧಾನವಾಗಿ ಪಂಪ್‌ಗೆ, ಕಾರ್ಬೊರೇಟರ್‌ಗೆ, ಸುತ್ತಲಿನ ಎಲ್ಲದಕ್ಕೂ ಹರಡುತ್ತದೆ. ಹಾಗಾಗಿ ಬಾನೆಟ್ ಕೆಳಗೆ ಅತಿ ಜಾಸ್ತಿ ಬಿಸಿ ಇರುವುದು ಓಡುವಾಗ ಅಲ್ಲ, ನಿಲ್ಲಿಸಿ ಹತ್ತು–ಇಪ್ಪತ್ತು ನಿಮಿಷ ಆದಮೇಲೆ. ಪೆಟ್ರೋಲ್‌ನಲ್ಲಿರುವ ಹಗುರವಾದ ಅಂಶಗಳು 35–40 ಡಿಗ್ರಿಗೇ ಕುದಿಯಲು ಶುರುವಾಗುತ್ತವೆ. ಅದರ ಮೇಲೆ ನಮ್ಮ ಊರುಗಳು ಎತ್ತರದಲ್ಲಿವೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತನೇ ಒಂದು ಪಾಲು ಕಡಿಮೆ. ಚಿಕ್ಕಮಗಳೂರಿನಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ, ಪೆಟ್ರೋಲ್ ಕೂಡ ಅಷ್ಟೇ ಬೇಗ ಆವಿಯಾಗುತ್ತದೆ. ಮುಳ್ಳಯ್ಯನಗಿರಿ ಕಡೆ ಹತ್ತಿದರೆ ಇನ್ನೂ ಕಷ್ಟ. ಆ ಬೆಟ್ಟ 1,930 ಮೀಟರ್. ಚಾರ್ಮಾಡಿ ಹತ್ತಿದ ಮೇಲೆ ಟ್ಯಾಕ್ಸಿಗಳು ಯಾಕೆ ನಿಲ್ಲುತ್ತಿದ್ದವು ಅನ್ನುವುದಕ್ಕೆ ಇದೇ ಉತ್ತರ. ಏರು, ನಿಧಾನ ವೇಗ, ಎತ್ತರ, ಮೂರೂ ಒಟ್ಟಿಗೆ.

ಆದರೆ ಬಿಸಿಗೆ ಕೈಕೊಡುವುದು ಪೆಟ್ರೋಲ್ ಒಂದೇ ಅಲ್ಲ. ಪ್ಲಗ್ ಕಿಡಿಗೆ ಬೇಕಾದ ಜೋರು ವೋಲ್ಟೇಜ್ ಮಾಡುವ ಇಗ್ನಿಷನ್ ಕಾಯಿಲ್, ಅದರ ಜೊತೆ ಕೆಲಸ ಮಾಡುವ ಕಂಡೆನ್ಸರ್ ಕೂಡ ಬಿಸಿಯಲ್ಲಿ ಸತ್ತು, ತಣ್ಣಗಾದ ಮೇಲೆ ಬದುಕುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಕೇಳುತ್ತಿದ್ದೇನೆ:

ಗಾಡಿ ನಿಲ್ಲಿಸಿ ಕೂಡಲೇ, ಅಂದರೆ ಅರ್ಧ ನಿಮಿಷದಲ್ಲಿ ಮತ್ತೆ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದಾ? ಪೆಟ್ರೋಲ್ ಆವಿಯ ತೊಂದರೆಯಾದರೆ ಸಾಮಾನ್ಯವಾಗಿ ಆಗುತ್ತದೆ, ಯಾಕೆಂದರೆ ಬಿಸಿ ಇನ್ನೂ ಮೇಲೆ ಬಂದಿರುವುದಿಲ್ಲ. ಓಡುತ್ತಿರುವಾಗಲೇ ಗಾಡಿ ಯಾವತ್ತಾದರೂ ತಾನಾಗಿ ಆಫ್ ಆಗಿದೆಯಾ? ಆಗಿದ್ದರೆ ಎಳೆದಾಡಿ ಆಫ್ ಆಯಿತಾ, ಇಲ್ಲ ಸ್ವಿಚ್ ತೆಗೆದ ಹಾಗೆ ಒಂದೇ ಸಲಕ್ಕೆ ನಿಂತಿತಾ? ಸ್ಟಾರ್ಟ್ ಆಗದೆ ಇದ್ದಾಗ ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ ಬರುತ್ತದಾ? ಈ ತೊಂದರೆ ಶುರುವಾಗುವ ಸ್ವಲ್ಪ ಮೊದಲು ಏನಾದರೂ ಕೆಲಸ ಮಾಡಿಸಿದ್ದಿರಾ?

ಕೊನೆಯ ಪ್ರಶ್ನೆಯೇ ಮುಖ್ಯ. ಚೆನ್ನಾಗಿ ಯೋಚಿಸಿ ಹೇಳಿ.

ಬೇಲೂರು ಪದ್ಮಿನಿ

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಿಲ್ಲಿಸಿ ಕೂಡಲೇ ಹೊಡೆದರೆ ಕೆಲವು ಸಲ ಆಗುತ್ತದೆ, ಕೆಲವು ಸಲ ಇಲ್ಲ. ಹಗರೆ ಹತ್ತಿರ ಒಂದು ಸಲ ಓಡುತ್ತಿರುವಾಗಲೇ ನಿಂತಿತ್ತು. ಎಳೆದಾಟ ಇರಲಿಲ್ಲ, ಪಟ್ ಅಂತ ನಿಂತಿತು. ರಸ್ತೆ ಪಕ್ಕಕ್ಕೆ ತಳ್ಳಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಹೊರಟಿತು. ಪೆಟ್ರೋಲ್ ವಾಸನೆ ಬರುತ್ತದೆ, ಜಾಸ್ತಿ ಸೆಲ್ಫ್ ಹೊಡೆದ ಮೇಲೆ ಚೆನ್ನಾಗೇ ಬರುತ್ತದೆ.

ಕೆಲಸ ಅಂದರೆ, ಮಳೆಗಾಲದಲ್ಲಿ ಮಿಸ್ಸಿಂಗ್ ಇದೆ ಅಂತ ಒಂದು ಗ್ಯಾರೇಜ್‌ನಲ್ಲಿ ಕಾಯಿಲ್ ಬದಲಾಯಿಸಿದ್ದರು. ಹೊಸ ಕಾಯಿಲ್. ಹಾಗಾಗಿ ಅದರ ಮೇಲೆ ನನಗೆ ಅನುಮಾನ ಬಂದಿಲ್ಲ.

ಅರಸೀಕೆರೆ ವೈರಿಂಗ್

ಪಟ್ ಅಂತ ನಿಂತಿತು ಅಂದಿರಲ್ಲ, ಅದು ಕರೆಂಟ್. ಪೆಟ್ರೋಲ್ ಖಾಲಿಯಾಗುವಾಗ ಗಾಡಿ ಜಗ್ಗುತ್ತದೆ, ಕೆಮ್ಮುತ್ತದೆ, ಆಕ್ಸಿಲೇಟರ್ ಒತ್ತಿದರೆ ಮಂಕಾಗುತ್ತದೆ. ಕರೆಂಟ್ ಹೋದರೆ ಹಾಗೆ ಮುನ್ಸೂಚನೆ ಕೊಡುವುದಿಲ್ಲ. ಜೊತೆಗೆ ವಾಸನೆ ಬರುತ್ತಿದೆ ಅಂದರೆ ಪೆಟ್ರೋಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ.

ಹೊಸ ಕಾಯಿಲ್ ಅಂದ ಮಾತ್ರಕ್ಕೆ ಸರಿಯಾದ ಕಾಯಿಲ್ ಅಂತ ಅಲ್ಲ. ಮುಟ್ಟಿ ನೋಡಿ. ಓಡಿಸಿ ನಿಲ್ಲಿಸಿದ ಮೇಲೆ ಕಾಯಿಲ್ ಬೆಚ್ಚಗಿರುವುದು ಸಹಜ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅದು ಸಹಜ ಅಲ್ಲ.

ಕಾಫಿ ತೋಟ ಸಕಲೇಶಪುರ

ಈಗಿನ ಪೆಟ್ರೋಲ್ ಬಗ್ಗೆ ಯಾರೂ ಮಾತಾಡಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಶುರು ಮಾಡಿದರು. ಈಗ ಬಂಕ್‌ಗಳಲ್ಲೆಲ್ಲ ಅದೇ. ನೂರರಲ್ಲಿ 20 ಪಾಲು ಎಥನಾಲ್. ಹಳೇ ಗಾಡಿಯ ರಬ್ಬರ್ ಪೈಪು, ಪಂಪ್ ಒಳಗಿನ ಡಯಾಫ್ರಾಮ್ ಇದಕ್ಕೆ ಅಂತ ಮಾಡಿದ್ದಲ್ಲ. ನಮ್ಮ ತೋಟದ ಹಳೇ ಜೀಪಿನಲ್ಲಿ ಪೆಟ್ರೋಲ್ ಪೈಪ್ ಮುಟ್ಟಿದರೆ ಕೈಗೆ ಕಪ್ಪು ಮೆತ್ತಿಕೊಳ್ಳುತ್ತಿತ್ತು. ಒಳಗಿನ ರಬ್ಬರ್ ಉಬ್ಬಿ, ರಂಧ್ರ ಅರ್ಧ ಮುಚ್ಚಿತ್ತು. ಪದ್ಮಿನಿಯಲ್ಲೂ ನೋಡಿಸಿ.

ಹಳೇ ಗಾಡಿ ಹಾಸನ

ಸಕಲೇಶಪುರದವರ ಮಾತು ಸರಿ. ಪೈಪು ಹಳೆಯದಾಗಿದ್ದರೆ ಎಥನಾಲ್ ತಡೆಯುವ ಪೈಪ್ ಕೇಳಿ ಹಾಕಿಸಿ. ಅದು ಹೇಗೂ ಮಾಡಲೇಬೇಕಾದ ಕೆಲಸ. ಇಂಜಿನ್ ಬಿಸಿ ಇರುವ ಕಡೆ ಪೆಟ್ರೋಲ್ ಪೈಪ್ ಬಿರುಕು ಬಿಟ್ಟರೆ ಸ್ಟಾರ್ಟ್ ಆಗದೆ ಇರುವುದಲ್ಲ ತೊಂದರೆ, ಬೆಂಕಿ. ಆದರೆ ಪಟ್ ಅಂತ ನಿಲ್ಲುವುದಕ್ಕೂ ಅದಕ್ಕೂ ಸಂಬಂಧ ಕಾಣುತ್ತಿಲ್ಲ. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳೋಣ.

ಬೇಲೂರಿನವರೇ, ಈಗ ಪರೀಕ್ಷೆಗೆ ಬನ್ನಿ. ಗಾಡಿಯಲ್ಲಿ ಒಂದು ಹಳೇ ಪ್ಲಗ್, ಟಾರ್ಚ್, ಒಂದು ತುಂಡು ವೈರ್, ಸ್ಕ್ರೂಡ್ರೈವರ್, ಬಟ್ಟೆ, ನೀರು ಇಟ್ಟುಕೊಳ್ಳಿ. ಸಣ್ಣ ಅಗ್ನಿಶಾಮಕ ಸಿಲಿಂಡರ್ ಇದ್ದರೆ ಇನ್ನೂ ಒಳ್ಳೆಯದು. ಹಳೇ ಪೆಟ್ರೋಲ್ ಗಾಡಿ ಇಟ್ಟುಕೊಂಡವರೆಲ್ಲ ಅದನ್ನು ಇಟ್ಟುಕೊಳ್ಳಬೇಕು.

ಮುಂದಿನ ಸಲ ನಿಂತಾಗ ಮೊದಲು ಪೆಟ್ರೋಲ್ ನೋಡಿ. ಕೀ ಆಫ್ ಇರಲಿ. ಏರ್ ಫಿಲ್ಟರ್ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ಕಾರ್ಬೊರೇಟರ್ ಬಾಯಿ ಒಳಗೆ ನೋಡಿ. ಆಕ್ಸಿಲೇಟರ್ ಲಿವರನ್ನು ಕೈಯಲ್ಲಿ ಒಮ್ಮೆ ಪೂರ್ತಿ ಎಳೆಯಿರಿ. ಒಳಗೆ ಒಂದು ಸಣ್ಣ ತೂತಿನಿಂದ ಪೆಟ್ರೋಲ್ ಗೆರೆಯ ಹಾಗೆ ಚಿಮ್ಮಬೇಕು. ಚಿಮ್ಮಿದರೆ ಬೌಲ್‌ನಲ್ಲಿ, ಅಂದರೆ ಕಾರ್ಬೊರೇಟರ್‌ನ ಪೆಟ್ರೋಲ್ ತೊಟ್ಟಿಯಲ್ಲಿ, ಪೆಟ್ರೋಲ್ ಇದೆ ಅಂತ ಅರ್ಥ. ಬರೀ ಗಾಳಿ, ಗುಳ್ಳೆ ಬಂದರೆ, ಇಲ್ಲ ಏನೂ ಬರದಿದ್ದರೆ ಬೌಲ್ ಖಾಲಿ, ಆಗ ಏರ್ ಲಾಕ್ ಅನುಮಾನ ನಿಜ. ಇನ್ನೊಂದು ಸಾಧ್ಯತೆ, ನೀವು ಏನೂ ಮಾಡದೆಯೇ ಒಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿರುತ್ತದೆ. ಅದು ಬೌಲ್‌ನಲ್ಲಿ ಪೆಟ್ರೋಲ್ ಕುದಿದು ಉಕ್ಕುವುದು. ಹಾಗಿದ್ದರೆ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿಯಾಗಿದೆ. ಚೋಕ್ ಮುಟ್ಟಬೇಡಿ. ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು, ಪಂಪ್ ಮಾಡದೆ, ಸೆಲ್ಫ್ ಹೊಡೆಯಬೇಕು.

ಮುಚ್ಚಳ ವಾಪಸ್ ಹಾಕಿ, ಪೆಟ್ರೋಲ್ ವಾಸನೆ ಪೂರ್ತಿ ಹೋದ ಮೇಲೆ ಮಾತ್ರ ಕರೆಂಟ್ ಪರೀಕ್ಷೆ. ಇದನ್ನು ದಯವಿಟ್ಟು ಮರೆಯಬೇಡಿ. ಒಂದು ಪ್ಲಗ್ ವೈರ್ ಕಿತ್ತು, ಹಳೇ ಪ್ಲಗ್‌ಗೆ ಸಿಕ್ಕಿಸಿ. ಕಾರ್ಬೊರೇಟರ್‌ನಿಂದ ದೂರದಲ್ಲಿ, ಇಂಜಿನ್‌ನ ಬರಿ ಲೋಹಕ್ಕೆ ಪ್ಲಗ್ ಮೈ ಗಟ್ಟಿಯಾಗಿ ತಾಗುವ ಹಾಗೆ ಇಡಿ. ಕೈಯಲ್ಲಿ ಹಿಡಿಯಬೇಡಿ, ಅಲ್ಲಿರುವುದು ಹದಿನೈದು ಸಾವಿರ ವೋಲ್ಟಿನ ಆಸುಪಾಸು. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ, ಚಟ್ ಚಟ್ ಸದ್ದು ಬಂದರೆ ಕರೆಂಟ್ ಸರಿ. ಹಳದಿ, ಕೇಸರಿ ಬಣ್ಣದ ಸಣಕಲು ಕಿಡಿ, ಇಲ್ಲ ಕಿಡಿಯೇ ಇಲ್ಲ ಅಂದರೆ ಕಳ್ಳ ಸಿಕ್ಕಿದ.

ಕಿಡಿ ಇಲ್ಲದಿದ್ದರೆ ತಕ್ಷಣ ಇನ್ನೊಂದು ಮಾಡಿ. ಬ್ಯಾಟರಿ ಪಾಸಿಟಿವ್‌ನಿಂದ ಕಾಯಿಲ್‌ನ ಪಾಸಿಟಿವ್‌ಗೆ ನೇರ ವೈರ್ ಕೊಟ್ಟು ನೋಡಿ. ಆಗ ಸ್ಟಾರ್ಟ್ ಆದರೆ ಕಾಯಿಲ್ ತಪ್ಪಿಲ್ಲ, ಕೀ ಸ್ವಿಚ್ ಅಥವಾ ವೈರಿಂಗ್‌ನಲ್ಲಿ ಕರೆಂಟ್‌ಗೆ ತಡೆಯಾಗುತ್ತಿದೆ. ಇಂಜಿನ್ ಆಫ್ ಮಾಡಲು ಆ ವೈರ್ ಕೀಳಬೇಕು, ಕೀ ತೆಗೆದರೆ ನಿಲ್ಲುವುದಿಲ್ಲ.

ಕೊನೆಗೆ ಒದ್ದೆ ಬಟ್ಟೆ. ಇದನ್ನು ಎಲ್ಲರೂ ಪಂಪ್ ಮೇಲೂ ಕಾಯಿಲ್ ಮೇಲೂ ಒಟ್ಟಿಗೆ ಹಾಕುತ್ತಾರೆ, ಬಾನೆಟ್ ತುಂಬ ನೀರು ಚೆಲ್ಲುತ್ತಾರೆ. ಹಾಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಮೊದಲು ಪಂಪ್ ಮಾತ್ರ. ಐದು ನಿಮಿಷ ಬಿಟ್ಟು ನೋಡಿ. ಆಗದಿದ್ದರೆ ಕಾಯಿಲ್ ಮಾತ್ರ, ಅದರ ಮೈಗೆ ಸುತ್ತಿ, ಮೇಲಿನ ವೈರ್ ಜಾಗಕ್ಕೆ ನೀರು ತಾಗದ ಹಾಗೆ. ಇಂಜಿನ್ ತಲೆಯ ಮೇಲೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡುತ್ತದೆ.

ಮಲ್ನಾಡ್ 800

ಲಿವರ್ ಎಳೆದು ಪೆಟ್ರೋಲ್ ಚಿಮ್ಮುತ್ತದಾ ನೋಡುವ ಉಪಾಯ ನನಗೆ ಗೊತ್ತೇ ಇರಲಿಲ್ಲ. ನಾಳೆ ನನ್ನ ಗಾಡಿಗೂ ಮಾಡುತ್ತೇನೆ.

ಬೇಲೂರು ಪದ್ಮಿನಿ

ಇವತ್ತು ಬೇಕೆಂದೇ ಹಾಸನಕ್ಕೆ ಹೋದೆ, ತಮ್ಮನನ್ನೂ ಕರ್ಕೊಂಡು. ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲಿಸಿ ಕಾಫಿ ಕುಡಿದು ಬಂದ್ವಿ. ಸ್ಟಾರ್ಟ್ ಆಗಲಿಲ್ಲ.

ಏರ್ ಫಿಲ್ಟರ್ ಮುಚ್ಚಳ ತೆಗೆದು ಲಿವರ್ ಎಳೆದರೆ ಪೆಟ್ರೋಲ್ ಚೆನ್ನಾಗಿ ಚಿಮ್ಮಿತು, ಎಳೆದಷ್ಟು ಸಲವೂ. ತಾನಾಗಿ ತೊಟ್ಟಿಕ್ಕುತ್ತಿರಲಿಲ್ಲ. ಎಲ್ಲ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಪ್ಲಗ್ ಇಟ್ಟು ನೋಡಿದೆವು. ಬಿಸಿಲಿನಲ್ಲಿ ಮೊದಲು ಏನೂ ಕಾಣಲಿಲ್ಲ. ತಮ್ಮನ ಜಾಕೆಟ್ ಮರೆ ಮಾಡಿ ಬಗ್ಗಿ ನೋಡಿದೆ. ಪ್ಲಗ್ ತುದಿಯಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಕೇಸರಿ ಕಿಡಿ, ಅದೂ ಸೆಲ್ಫ್ ನಾಲ್ಕೈದು ಸುತ್ತು ತಿರುಗಿದರೆ ಒಂದು ಸಲ. ಸದ್ದೇ ಇಲ್ಲ. ಬ್ಯಾಟರಿಯಿಂದ ನೇರ ವೈರ್ ಕೊಟ್ಟರೂ ಅದೇ ಕಥೆ.

ಪಂಪ್‌ಗೆ ಒದ್ದೆ ಬಟ್ಟೆ ಹಾಕಿದೆ, ಆಗಲಿಲ್ಲ. ಕಾಯಿಲ್ ಮುಟ್ಟಿದೆ, ಬೆರಳು ಸುಟ್ಟಿತು, ನಿಜವಾಗಿ ಕೈ ಇಡಲಾಗಲಿಲ್ಲ. ಬಟ್ಟೆ ಸುತ್ತಿದಾಗ ಚುಂಯ್ ಅಂತ ಆವಿ ಎದ್ದಿತು. ಎರಡು ಮೂರು ಸಲ ಬಟ್ಟೆ ಒದ್ದೆ ಮಾಡಿ ಸುತ್ತಿದೆ. ಆಮೇಲೆ ಸೆಲ್ಫ್ ಹೊಡೆದರೆ ಅರ್ಧ ಸುತ್ತಿಗೇ ಹಿಡಿಯಿತು! ಇಂಜಿನ್ ಇನ್ನೂ ಪೂರ್ತಿ ಬಿಸಿ ಇತ್ತು, ಪಂಪ್ ಬಿಸಿ ಇತ್ತು, ತಣ್ಣಗಾಗಿದ್ದು ಕಾಯಿಲ್ ಒಂದೇ.

ಕೊಟ್ಟಿಗೆಹಾರ ಡ್ರೈವರ್

ಭೇಷ್. ಆ ಪಂಪ್ ತಗೊಂಡಿದ್ದರೆ ದುಡ್ಡು ನೀರಲ್ಲಿ ಹೋಮ ಆಗುತ್ತಿತ್ತು.

ಅರಸೀಕೆರೆ ವೈರಿಂಗ್

ಈಗ ಆ ಕಾಯಿಲ್ ಯಾಕೆ ಅಷ್ಟು ಸುಡುತ್ತಿದೆ ನೋಡಬೇಕು. ಇನ್ನೊಂದು ಹೊಸ ಕಾಯಿಲ್ ತಂದು ಹಾಕಿದರೆ ಅದೂ ಹೀಗೇ ಆಗಬಹುದು. ಕಾಯಿಲ್ ತಣ್ಣಗಿರುವಾಗ, ಎರಡೂ ಸಣ್ಣ ವೈರ್ ಬಿಚ್ಚಿ, ಮಲ್ಟಿಮೀಟರ್‌ನಲ್ಲಿ ಪಾಸಿಟಿವ್–ನೆಗೆಟಿವ್ ನಡುವೆ ಓಮ್ಸ್ ಎಷ್ಟಿದೆ ಹೇಳಿ. ಮೊದಲು ಮೀಟರ್‌ನ ಎರಡು ಮುಳ್ಳು ಒಂದಕ್ಕೊಂದು ತಾಗಿಸಿ, ಅಲ್ಲಿ ಬರುವ ಅಂಕಿ ಕಳೆಯಿರಿ. ಇಷ್ಟು ಸಣ್ಣ ಅಳತೆಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ಕಾಯಿಲ್ ಮೈ ಮೇಲೆ ಏನು ಬರೆದಿದೆ ಅನ್ನುವುದನ್ನೂ ನೋಡಿ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಒಳಗೆ ಮುಚ್ಚಿ ತೆರೆದು ಕಾಯಿಲ್‌ನ ಕರೆಂಟ್ ಕಡಿಯುವ ಪಾಯಿಂಟ್‌ನ ಫೋಟೋ ಹಾಕಿ.

ಬೇಲೂರು ಪದ್ಮಿನಿ

ಫೋಟೋ ಹಾಕಿದ್ದೇನೆ. ಪಾಯಿಂಟ್ ಮುಖ ಎರಡೂ ನೀಲಿ–ಕಪ್ಪು ಬಣ್ಣಕ್ಕೆ ತಿರುಗಿದೆ, ಒಂದರಲ್ಲಿ ಗುಳಿ ಬಿದ್ದಿದೆ. ಕಾಯಿಲ್ 1.4 ಓಮ್ಸ್ ತೋರಿಸಿತು. ಮೈ ಮೇಲಿನ ಎಣ್ಣೆ ಒರೆಸಿದರೆ, ಹೊರಗಿನ ರೆಸಿಸ್ಟರ್ ಜೊತೆಗೇ ಬಳಸಬೇಕು ಅಂತ ಇಂಗ್ಲಿಷಿನಲ್ಲಿ ಸಣ್ಣದಾಗಿ ಅಚ್ಚಾಗಿದೆ. ನಮ್ಮ ಗಾಡಿಯಲ್ಲಿ ಅಂಥ ರೆಸಿಸ್ಟರ್ ಎಲ್ಲೂ ಕಾಣುತ್ತಿಲ್ಲ.

ಅರಸೀಕೆರೆ ವೈರಿಂಗ್

ಅಲ್ಲಿಗೆ ಮುಗಿಯಿತು. ಪಾಯಿಂಟ್ ಇರುವ ಹಳೇ ಗಾಡಿಗಳಿಗೆ ಎರಡು ಥರದ ಕಾಯಿಲ್ ಬರುತ್ತವೆ. ಒಂದು ಸುಮಾರು 3 ಓಮ್ಸ್ ಇರುವುದು. ಅದನ್ನು ನೇರ 12 ವೋಲ್ಟ್‌ಗೆ ಕೊಡಬಹುದು. ಇನ್ನೊಂದು ಸುಮಾರು 1.5 ಓಮ್ಸ್. ಅದಕ್ಕೆ ಹೊರಗೆ ಇನ್ನೊಂದು ರೆಸಿಸ್ಟರ್ ಇರಲೇಬೇಕು, ಎರಡೂ ಸೇರಿ 3 ಆಗಲಿ ಅಂತ. ನೋಡುವುದಕ್ಕೆ ಎರಡೂ ಅದೇ ಡಬ್ಬಿ, ಅದೇ ಅಳತೆ, ಅದೇ ಕ್ಲ್ಯಾಂಪ್‌ಗೆ ಕೂರುತ್ತವೆ.

ಲೆಕ್ಕ ಹಾಕಿ ನೋಡಿ. 12 ವೋಲ್ಟ್, 3 ಓಮ್ಸ್ ಅಂದರೆ 4 ಆಂಪಿಯರ್. ಕಾಯಿಲ್‌ನಲ್ಲಿ 48 ವ್ಯಾಟ್ ಬಿಸಿ. ನಿಮ್ಮದು 1.5 ಅಂದುಕೊಂಡರೆ 8 ಆಂಪಿಯರ್, 96 ವ್ಯಾಟ್. ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಎರಡು ಪಟ್ಟು ಬಿಸಿ. ಆ 8 ಆಂಪಿಯರ್ ಪಾಯಿಂಟ್ ಮೂಲಕವೇ ಹೋಗಬೇಕು, ಅದಕ್ಕೇ ಮುಖ ನೀಲಿಯಾಗಿ ಸುಟ್ಟಿದೆ. ಹೊಸದರಲ್ಲಿ ಇದು ಗೊತ್ತಾಗುವುದಿಲ್ಲ. ಕಿಡಿ ಜೋರಾಗಿ ಬರುತ್ತದೆ, ಗಾಡಿ ಚುರುಕಾಯಿತು ಅಂತಲೂ ಅನ್ನಿಸಬಹುದು. ದಿನ ಕಳೆದಂತೆ ಒಳಗಿನ ತಂತಿಯ ಮೇಲಿನ ಇನ್ಸುಲೇಷನ್ ಬೇಯುತ್ತದೆ. ಆಮೇಲೆ ಬಿಸಿಯಾದಾಗಲೆಲ್ಲ ಕರೆಂಟ್ ಪ್ಲಗ್‌ವರೆಗೆ ಹೋಗದೆ ಒಳಗೊಳಗೇ ಹಾರಿಬಿಡುತ್ತದೆ.

ಮೀಟರ್ ಮಾತ್ರ ನಂಬಿ ಕೂರಬಾರದು ಅನ್ನುವುದು ಇದಕ್ಕೇ. ಮೀಟರ್ ಅಳೆಯುವುದು ಒಂದೆರಡು ವೋಲ್ಟ್‌ನಲ್ಲಿ. ಅಷ್ಟಕ್ಕೆ ಸುಟ್ಟ ಇನ್ಸುಲೇಷನ್ನೂ ತಡೆದುಕೊಳ್ಳುತ್ತದೆ, ಓಮ್ಸ್ ಸರಿಯಾಗೇ ತೋರಿಸಬಹುದು. ಸಾವಿರಾರು ವೋಲ್ಟ್ ಬಂದಾಗ ಮಾತ್ರ ಬಣ್ಣ ಬಯಲು. ನೀವು ಬಿಸಿಯಲ್ಲಿ ಕಿಡಿ ನೋಡಿದ್ದು, ಕಾಯಿಲ್ ಒಂದನ್ನೇ ತಣ್ಣಗೆ ಮಾಡಿದ್ದು, ಆ ಎರಡು ಸಾಕ್ಷಿ ಮೀಟರ್‌ಗಿಂತ ಗಟ್ಟಿ.

3 ಓಮ್ಸ್ ಕಾಯಿಲ್ ಹಾಕಿಸಿ. ಅಂಗಡಿಯಲ್ಲೇ ಮೀಟರ್ ಇಟ್ಟು ಅಳೆದು ತಗೊಳ್ಳಿ. ಪಾಯಿಂಟ್, ಕಂಡೆನ್ಸರ್ ಎರಡೂ ಹೊಸದು ಹಾಕಿ, ಇದನ್ನು ಉಪ್ಪು ಕಾಗದದಲ್ಲಿ ಉಜ್ಜಿ ಉಳಿಸಿಕೊಳ್ಳುವ ಸ್ಥಿತಿ ದಾಟಿದೆ. ಇನ್ನೊಂದು, ಇಂಜಿನ್ ಆಫ್ ಇರುವಾಗ ಹಾಡು ಕೇಳಲು ಅಂತ ಕೀ ಆನ್ ಇಡಬೇಡಿ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ಇಂಜಿನ್ ನಿಂತಿದ್ದರೆ ಕಾಯಿಲ್‌ಗೆ ಬಿಡುವಿಲ್ಲದೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಎಂಥ ಒಳ್ಳೆ ಕಾಯಿಲ್ ಆದರೂ ಸುಡುತ್ತದೆ.

ಚಿಕ್ಕಮಗಳೂರು ಆಲ್ಟೊ

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮದು 2005ರ ಎಂಪಿಎಫ್‌ಐ, ಅಂದರೆ ಪೆಟ್ರೋಲನ್ನು ಇಂಜೆಕ್ಟರ್ ಮೂಲಕ ಬಿಡುವ ಗಾಡಿ. ಕಾರ್ಬೊರೇಟರ್ ಇಲ್ಲ, ಪಾಯಿಂಟ್ ಇಲ್ಲ. ಆದರೂ ಕೈಮರ ಚೆಕ್‌ಪೋಸ್ಟ್ ದಾಟಿ ಗಿರಿ ಕಡೆ ಹೋಗಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಮಾಡಲು ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕು. ನಮಗೆ ಇದರಲ್ಲಿ ಏನು ಅನ್ವಯ ಆಗುತ್ತದೆ?

ಹಳೇ ಗಾಡಿ ಹಾಸನ

ಅದೇ ಪ್ರಶ್ನೆ, ಪೆಟ್ರೋಲಾ ಕರೆಂಟಾ ಅನ್ನುವುದು. ಭಾಗಗಳು ಮಾತ್ರ ಬೇರೆ. ಕೀ ಆನ್ ಮಾಡಿ, ಹಿಂದಿನಿಂದ ಪಂಪ್ ಸದ್ದು ಕೇಳಿ ನಿಲ್ಲುವವರೆಗೆ ಕಾದು, ಆಫ್ ಮಾಡಿ. ಹೀಗೆ ಮೂರು ನಾಲ್ಕು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಸಲೀಸಾಗಿ ಹಿಡಿದರೆ, ನಿಲ್ಲಿಸಿದ ಮೇಲೆ ಲೈನ್‌ನಲ್ಲಿ ಒತ್ತಡ ಉಳಿಯುತ್ತಿಲ್ಲ ಅಂತ ಅರ್ಥ. ಪಂಪ್‌ನ ಚೆಕ್ ವಾಲ್ವ್, ಪ್ರೆಷರ್ ರೆಗ್ಯುಲೇಟರ್, ಇಲ್ಲ ಸೋರುವ ಇಂಜೆಕ್ಟರ್. ಒತ್ತಡ ಇದ್ದರೆ ಪೆಟ್ರೋಲ್ ಬೇಗ ಕುದಿಯುವುದಿಲ್ಲ, ಇಳಿದುಹೋದರೆ ಇಂಜೆಕ್ಷನ್ ಗಾಡಿಯಲ್ಲೂ ಆವಿ ಕಟ್ಟುತ್ತದೆ.

ಅದರಿಂದ ವ್ಯತ್ಯಾಸ ಕಾಣದಿದ್ದರೆ, ಪೆಟ್ರೋಲ್ ವಾಸನೆಯೂ ಬರುತ್ತಿದ್ದರೆ, ನೀರಿನ ಬಿಸಿ ಅಳೆಯುವ ಸೆನ್ಸರ್ ನೋಡಿಸಿ. ಇಂಥ ಸೆನ್ಸರ್‌ಗಳು ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್ಸ್ ಆಸುಪಾಸು, 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು ತೋರಿಸುತ್ತವೆ. ಬಿಸಿ ಇಂಜಿನ್‌ನಲ್ಲೂ ಅದು ಸಾವಿರಗಟ್ಟಲೆ ತೋರಿಸುತ್ತಿದ್ದರೆ, ಕಂಪ್ಯೂಟರ್ ಇಂಜಿನ್ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಇರುವ ಗಾಡಿಗಳಲ್ಲಿ ಅದೂ ಬಿಸಿಗೆ ಕೈಕೊಡುತ್ತದೆ. ಆಗ ಕಿಡಿ, ಪೆಟ್ರೋಲ್ ಎರಡೂ ಒಟ್ಟಿಗೆ ನಿಲ್ಲುತ್ತವೆ.

ಕಾಫಿ ತೋಟ ಸಕಲೇಶಪುರ

ಬಿಸಿಯಲ್ಲಿ ಸೆಲ್ಫೇ ಎಳೆದೆಳೆದು ತಿರುಗಿದರೆ? ನಮ್ಮ ಜೀಪಿಗೆ ಬೇಸಿಗೆಯಲ್ಲಿ ಹಾಗಾಗುತ್ತದೆ.

ಅರಸೀಕೆರೆ ವೈರಿಂಗ್

ಅದು ಪೂರ್ತಿ ಬೇರೆ ದಾರಿ. ತಾಮ್ರದ ತಂತಿ ಬಿಸಿಯಾದಷ್ಟೂ ಕರೆಂಟ್‌ಗೆ ಅಡ್ಡಿ ಜಾಸ್ತಿ. 80 ಡಿಗ್ರಿ ಏರಿದರೆ ಸುಮಾರು 30 ಪರ್ಸೆಂಟ್. ಸೆಲ್ಫ್ ಮೋಟಾರ್ ಸೈಲೆನ್ಸರ್ ಮ್ಯಾನಿಫೋಲ್ಡ್ ಪಕ್ಕ ಇದ್ದರೆ ಇದು ಎದ್ದು ಕಾಣುತ್ತದೆ. ಬ್ಯಾಟರಿ ಟರ್ಮಿನಲ್, ಇಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ, ಇವೆರಡನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡಿ ನೋಡಿ. ಬಹಳಷ್ಟು ಗಾಡಿ ಅಲ್ಲಿಗೇ ಸರಿಹೋಗುತ್ತವೆ. ಸೆಲ್ಫ್ ತಿರುಗುತ್ತಾ ತಿರುಗುತ್ತಾ ಹಿಂದಕ್ಕೆ ಒದ್ದ ಹಾಗೆ ಆಗುತ್ತಿದ್ದರೆ ಟೈಮಿಂಗ್ ಮುಂದೆ ಹೋಗಿದೆ, ಅಂದರೆ ಕಿಡಿ ಬೇಗ ಬರುತ್ತಿದೆ.

ಮಲ್ನಾಡ್ 800

ನನ್ನ ಗಾಡಿ ನೋಡಿದೆ. ಬಿಸಿಯಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಟಾರ್ಚ್ ಹಾಕಿದರೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ನಾನು ಲಿವರ್ ಮುಟ್ಟಿರಲೇ ಇಲ್ಲ. ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದೆ, ಕಪ್ಪು ಹೊಗೆ ಬಿಟ್ಟು ಹಿಡಿಯಿತು. ಅಂದರೆ ನನ್ನದು ಏರ್ ಲಾಕ್ ಅಲ್ಲ, ಓವರ್‌ಫ್ಲೋ, ಅಲ್ವಾ?

ಹಳೇ ಗಾಡಿ ಹಾಸನ

ಹೌದು. ಪೆಟ್ರೋಲ್ ಬರದೆ ಅಲ್ಲ, ಜಾಸ್ತಿ ಬಂದು. ಒದ್ದೆ ಬಟ್ಟೆ ಹಾಕಿ ಕಾಯುವಾಗ ಆ ಪೆಟ್ರೋಲ್ ಆರಿಹೋಗುತ್ತಿತ್ತು, ಅದಕ್ಕೇ ಬಟ್ಟೆಯಿಂದ ಸರಿಹೋಯಿತು ಅನ್ನಿಸಿರುತ್ತದೆ. ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಬಿಸಿ ತಡೆಯುವ ದಪ್ಪ ಬೇಕಲೈಟ್ ತುಂಡು ಇದೆಯಾ ನೋಡಿ. ಕಾರ್ಬೊರೇಟರ್ ಬಿಚ್ಚಿ ಹಾಕುವಾಗ ಅದರ ಬದಲು ಬರೀ ಪೇಪರ್ ಗ್ಯಾಸ್ಕೆಟ್ ಹಾಕಿರುವುದನ್ನು ನೋಡಿದ್ದೇನೆ. ಅದು ಇದ್ದರೆ ಮುಂದೆ ಫ್ಲೋಟ್ ಮಟ್ಟ, ಬೌಲ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ನೀಡಲ್ ವಾಲ್ವ್ ನೋಡಿ. ನೀಡಲ್ ತುದಿಯಲ್ಲಿ ಸುತ್ತಲೂ ಗೆರೆ ಬಿದ್ದಿದ್ದರೆ ಅದು ಸರಿಯಾಗಿ ಮುಚ್ಚುವುದಿಲ್ಲ.

ಬೇಲೂರು ಪದ್ಮಿನಿ

ಹಾಸನದ ಅಂಗಡಿಯಲ್ಲಿ ಮೀಟರ್ ಇಟ್ಟು ಅಳೆದೇ ಕಾಯಿಲ್ ತಗೊಂಡೆ, 3.1 ಓಮ್ಸ್. ಅಂಗಡಿಯವರೇ ಎರಡು ಮೂರು ಡಬ್ಬಿ ತೆಗೆದು ತೋರಿಸಿದರು, ಒಂದು ಮತ್ತೆ 1.5ರದ್ದೇ ಇತ್ತು. ಪಾಯಿಂಟ್, ಕಂಡೆನ್ಸರ್ ಹೊಸದು. ಗ್ಯಾಪ್ 0.45 ಮಿಲಿಮೀಟರ್‌ಗೆ ಇಟ್ಟಿದ್ದಾರೆ. ಪೆಟ್ರೋಲ್ ಪೈಪ್ ಕೂಡ ಬದಲಾಯಿಸಿದೆ, ಹಳೆಯದು ಬಗ್ಗಿಸಿದರೆ ಬಿರುಕು ಕಾಣುತ್ತಿತ್ತು.

ನಿನ್ನೆ ಬೇಲೂರಿನಿಂದ ಚಿಕ್ಕಮಗಳೂರಿಗೆ ಹೋಗಿ, ಅಲ್ಲಿಂದ ಬಾಬಾಬುಡನ್‌ಗಿರಿ ರಸ್ತೆ ಹತ್ತಿಸಿದೆ. ಮೇಲೆ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಹೊಡೆದೆ, ಎರಡನೇ ಸಲಕ್ಕೆ ಹಿಡಿಯಿತು. ಇಳಿದು ಬಂದು ಊರಿನಲ್ಲಿ ಊಟಕ್ಕೆ ನಿಲ್ಲಿಸಿ ಮತ್ತೆ ಹೊಡೆದೆ, ಮೊದಲ ಸಲಕ್ಕೇ. ಕಾಯಿಲ್ ಮುಟ್ಟಿದರೆ ಬೆಚ್ಚಗಿದೆ ಅಷ್ಟೇ, ಕೈ ಇಟ್ಟುಕೊಂಡೇ ಇರಬಹುದು. ಅಪ್ಪ ಪಕ್ಕದಲ್ಲೇ ಕೂತಿದ್ದರು, ತುಂಬಾ ಖುಷಿಪಟ್ಟರು. ಎಲ್ಲರಿಗೂ ದೊಡ್ಡ ಥ್ಯಾಂಕ್ಸ್.

ಹಳೇ ಗಾಡಿ ಹಾಸನ

ಬಹಳ ಸಂತೋಷ ಆಯಿತು. ಗಿರಿ ಮೇಲೆ ಎರಡನೇ ಸಲಕ್ಕೆ ಹಿಡಿದಿದ್ದು ಆ ಎತ್ತರಕ್ಕೆ ಸಹಜ. ಮುಂದಿನ ಸಲ ಅಲ್ಲಿ ಚೋಕ್ ಇಲ್ಲದೆ, ಆಕ್ಸಿಲೇಟರ್ ಅರ್ಧ ಒತ್ತಿ ಹಿಡಿದು ನೋಡಿ. ಹೊಸ ಪಾಯಿಂಟ್‌ನ ಫೈಬರ್ ತುಂಡು ಮೊದಮೊದಲು ಬೇಗ ಸವೆಯುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ, ಅದರ ಜೊತೆ ಟೈಮಿಂಗೂ ಸರಿಯುತ್ತದೆ. ಒಂದು ಸಾವಿರ ಕಿಲೋಮೀಟರ್ ಆಗುವ ಹೊತ್ತಿಗೆ ಮತ್ತೊಮ್ಮೆ ಗ್ಯಾಪ್ ನೋಡಿಸಿ, ಡಿಸ್ಟ್ರಿಬ್ಯೂಟರ್ ಕ್ಯಾಮ್‌ಗೆ ಚೂರೇ ಚೂರು ಗ್ರೀಸ್ ಹಚ್ಚಿಸಿ. ಜಾಸ್ತಿ ಹಚ್ಚಿದರೆ ಪಾಯಿಂಟ್ ಮೇಲೆ ಹಾರಿ ಕೂರುತ್ತದೆ.

ಮಲ್ನಾಡ್ 800

ನನ್ನದರಲ್ಲಿ ಬೇಕಲೈಟ್ ತುಂಡು ಇದೆ, ನೀಡಲ್ ತುದಿಯಲ್ಲಿ ಗೆರೆ ಬಿದ್ದಿದೆ. ಕಿಟ್ ಆರ್ಡರ್ ಮಾಡಿದ್ದೇನೆ. ಹಾಕಿದ ಮೇಲೆ ಮೂಡಿಗೆರೆ ಸಂತೆಗೆ ಹೋಗಿ ಬಂದು ಇಲ್ಲೇ ಬರೆಯುತ್ತೇನೆ.